ಕೊನೆಯ ವರ್ಷದ ಸೇವಂತಿಗೆ

ಹೆಂಡತಿ ರೋಂಡಾ ತೀರಿಕೊಂಡ ಮೇಲೆ ಪ್ರೂಯಿಟ್ ಊರಿನ ಹೆಂಗಸರು ವೆಂಡೆಲ್ ಟ್ಯಾಕೆಟ್‌ನ ಮನೆಗೆ ಊಟ ತಂದು ತಂದು ಅವನಿಗೆ ಸಾಕುಸಾಕು ಮಾಡಿಬಿಟ್ಟಿದ್ದರು. ಕೋಳಿ ಹಾಕಿ ಬೇಯಿಸಿದ ಅನ್ನ, ಚೀಸ್ ಸುರಿದ ನೂಡಲ್ಸ್, ಬೀನ್ಸ್, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ, ಮತ್ತೆ ಚೀಸ್ ಸುರಿದ ನೂಡಲ್ಸ್. ಎಲ್ಲವೂ ಉದ್ದನೆಯ ಗಾಜಿನ ಟ್ರೇಗಳಲ್ಲಿ. ಪ್ರತಿ ಟ್ರೇಯ ತಳಕ್ಕೂ ಒಂದು ತುಂಡು ಕಾಗದದ ಟೇಪು, ಅದರ ಮೇಲೆ ತಂದವಳ ಹೆಸರು. ವೆಂಡೆಲ್‌ನ ಫ್ರೀಜರ್ ತುಂಬಿ ಪಕ್ಕದ ಮನೆಯ ಡಾನೆಟ್‌ಳ ಫ್ರೀಜರಿಗೂ ಹರಿಯಿತು. ಬಾಗಿಲು ಬಡಿದಾಗಲೆಲ್ಲ ಅವನು ಎದ್ದು ಹೋಗಿ, ಟೋಪಿ ತೆಗೆದು, "ಥ್ಯಾಂಕ್ಸ್, ತುಂಬಾ ಉಪಕಾರ ಆಯ್ತು" ಎನ್ನಬೇಕಿತ್ತು. ದಿನ ಕಳೆದಂತೆ ಆ ಮಾತು ಬಾಯೊಳಗೆ ಹತ್ತಿ ಹೊಲದ ಧೂಳಿನ ಹಾಗೆ ಒಣಗತೊಡಗಿತು.

ಟ್ರೇಗಳನ್ನು ಅವನು ತೊಳೆದು ಗ್ಯಾರೇಜಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟ. ಯಾರದ್ದನ್ನೂ ಹಿಂದಿರುಗಿಸಲಿಲ್ಲ. ಹಿಂದಿರುಗಿಸಬೇಕಾದರೆ ಮತ್ತೆ ಅವರ ಬಾಗಿಲಲ್ಲಿ ನಿಲ್ಲಬೇಕು, ಅವರು ತಲೆ ಒಂದಿಷ್ಟು ಓರೆ ಮಾಡಿ "ಹೇಗಿದೀಯಪ್ಪಾ?" ಎಂದು ಕೇಳಬೇಕು. ಅದಕ್ಕಿಂತ ಕಳ್ಳ ಅನ್ನಿಸಿಕೊಳ್ಳುವುದೇ ವಾಸಿ ಎಂದು ಅವನಿಗೆ ಅನ್ನಿಸಿತ್ತು.

ಆದ್ದರಿಂದಲೇ ಆಗಸ್ಟ್ ಕೊನೆಗೆ ಡಾನೆಟ್ ಬೇಲಿಯ ಹತ್ತಿರ ಬಂದು ಅವನ ಮಗಳು ಲೇನಿಯ ಸೇವಂತಿಗೆಯ ಮಾತು ತೆಗೆದಾಗ ಅವನು ಬೆಂಕಿಯಾದ.

"ಈ ಸಲ ಲೇನಿ ಸೇವಂತಿಗೆ ನಾನೇ ಮಾಡ್ಕೊಡ್ತೀನಿ ವೆಂಡೆಲ್. ಸಾಮಾನೆಲ್ಲ ನನ್ ಹತ್ರ ಇದೆ."

"ಬೇಡ. ನಾನು ಮಾಡ್ತೀನಿ."

"ನೀನಾ?" ಡಾನೆಟ್‌ಗೆ ನಗು ತಡೆಯಲಾಗಲಿಲ್ಲ. "ಏನು, ರಿಬ್ಬನ್ನಿಗೆ ವೆಲ್ಡಿಂಗ್ ಹೊಡೀತೀಯಾ?"

"ಬೇಕು ಅಂದ್ರೆ ಅದನ್ನೂ ಹೊಡೀತೀನಿ."

"ಇದು ಶಾಲೇಲಿ ಅವಳ ಕೊನೇ ವರ್ಷ ಕಣೋ. ತಮಾಷೆ ಅಲ್ಲ."

"ಗೊತ್ತು. ಅದಕ್ಕೇ ನಾನು ಮಾಡ್ತಿರೋದು."

ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಪ್ರೂಯಿಟ್‌ನ ಸೇವಂತಿಗೆ ಗಿಡದಲ್ಲಿ ಬಿಡುವುದಿಲ್ಲ. ಅದು ಊಟದ ತಟ್ಟೆಯಷ್ಟು ಅಗಲದ ರೇಷ್ಮೆ ಹೂವು. ಹಿಂದೆ ರಟ್ಟು, ಕೆಳಗೆ ಮೊಣಕಾಲು ದಾಟಿ ಇಳಿಯುವ ರಿಬ್ಬನ್ನುಗಳು, ಜಡೆ ಹೆಣೆದ ರಿಬ್ಬನ್ನುಗಳು, ಗೆಜ್ಜೆ, ಗಂಟೆ, ಪುಟಾಣಿ ಫುಟ್‌ಬಾಲು, ನಡುವೆ ಒಂದು ಕರಡಿಮರಿ, ಮಿನುಗುವ ಅಕ್ಷರಗಳಲ್ಲಿ ಹುಡುಗಿಯ ಹೆಸರು. ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಮರಳುವ ಹೋಮ್‌ಕಮಿಂಗ್ ಹಬ್ಬದ ಶುಕ್ರವಾರ ಶಾಲೆಯ ಹುಡುಗಿಯರು ಬೆಳಗ್ಗೆ ಇದನ್ನು ಕೊರಳಿಗೆ ಹಾಕಿಕೊಂಡರೆ ರಾತ್ರಿ ಫುಟ್‌ಬಾಲ್ ಆಟ ಮುಗಿಯುವವರೆಗೆ ತೆಗೆಯುವುದಿಲ್ಲ. ಆವತ್ತು ಪಾಠ ನಡೆಯುವುದು ಗಂಟೆಗಳ ಸದ್ದಿನಲ್ಲೇ. ಹುಡುಗರು ಹುಡುಗಿಯರಿಗೆ ಕೊಡುವ ಹೂವು ಎಂದು ಹೆಸರು; ಅಡುಗೆಮನೆಯ ಮೇಜಿನ ಸುತ್ತ ಕೂತು, ಬಿಸಿ ಅಂಟು ಉಗುಳುವ ಪಿಸ್ತೂಲು ಹಿಡಿದು ಮಾಡುವವರು ತಾಯಂದಿರು. ರೋಂಡಾಳ ಮೇಜಿನಲ್ಲಿ ಅರ್ಧ ಊರಿನ ಹೂವುಗಳು ತಯಾರಾಗುತ್ತಿದ್ದವು.

ವೆಂಡೆಲ್ ಇದನ್ನೆಲ್ಲ ಕಂಡದ್ದು ಫೋಟೋಗಳಲ್ಲಿ. ಅವನು ಹುಟ್ಟಿದ್ದು ವಯೋಮಿಂಗ್‌ನ ಗಣಿ ಊರಿನಲ್ಲಿ. ಅಲ್ಲಿ ಹೋಮ್‌ಕಮಿಂಗ್ ಎಂದರೆ ಒಂದು ಆಟ, ಒಂದು ಡ್ಯಾನ್ಸು, ಹಳೆ ವಿದ್ಯಾರ್ಥಿಗಳ ಕುಡಿತ. ಟೆಕ್ಸಸ್ಸಿಗೆ ಬಂದು ರೋಂಡಾಳನ್ನು ಮದುವೆಯಾದ ಮೇಲೂ ಅಕ್ಟೋಬರ್ ಬಂದಾಗ ಅವನು ಎಲ್ಲೋ ದೂರದ ಎಣ್ಣೆಬಾವಿಯ ಮೇಲೆ ಇರುತ್ತಿದ್ದ. ಅವಳಿಗೆ ಕಾಯಿಲೆ ಬಂದಾಗ ಆ ಕೆಲಸ ಬಿಟ್ಟ. ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ವೆಲ್ಡಿಂಗ್.

ಲೇನಿ ಬ್ಯಾಂಡ್ ಅಭ್ಯಾಸಕ್ಕೆ ಹೋದ ಸಂಜೆಗಳಲ್ಲಿ ಅವನು ಮಗಳ ಕೋಣೆಗೆ ನುಗ್ಗಿ ಗೋಡೆಗೆ ತೂಗುಹಾಕಿದ್ದ ಹೂವುಗಳನ್ನು ಪರೀಕ್ಷೆ ಮಾಡಿದ. ಹಿಂದಿನ ಮೂರು ವರ್ಷ ರೋಂಡಾ ಮಾಡಿದ್ದವು. ಮೂರೂ ಶಾಲೆಯ ಬಣ್ಣದವು, ಹಸಿರು ಮತ್ತು ಹಳದಿ. ಅವನು ಟೇಪು ಹಿಡಿದು ಅಳೆದ, ಜಡೆಗಳನ್ನು ಬಿಚ್ಚಿ ನೋಡಿದ, ಮತ್ತೆ ಹೆಣೆಯಲು ಬಾರದೆ ಒದ್ದಾಡಿದ. ರೋಂಡಾಳ ಬಟ್ಟೆ ಬೀರುವಿನ ತಳದಲ್ಲಿ ಇನ್ನೊಂದು ಹೂವು ಸಿಕ್ಕಿತು: ಬೂದು ಬಣ್ಣಕ್ಕೆ ತಿರುಗಿದ್ದು, ಹಿಂದೆ ಬರೀ ರಟ್ಟು, ಒಂದು ರಿಬ್ಬನ್ನೂ ಇಲ್ಲ. ಯಾಕೆ ಇಟ್ಟುಕೊಂಡಿದ್ದಳೋ ಎಂದು ಅದನ್ನು ಇದ್ದ ಜಾಗಕ್ಕೇ ತಳ್ಳಿದ.

ಉರಿಯುವ ಕಬ್ಬಿಣದ ಜೊತೆ ಜೀವನ ಕಳೆದವನು ಅಂಟಿನ ಪಿಸ್ತೂಲಿನಿಂದ ಬೆರಳು ಬೆರಳೂ ಸುಟ್ಟುಕೊಂಡ. ರಟ್ಟು ಬಗ್ಗುತ್ತದೆ ಎಂದು ತೆಳು ಕಂಬಿಯನ್ನು ಬಾಗಿಸಿ ಬಳೆ ಮಾಡಿ, ಅಡ್ಡಪಟ್ಟಿ ಕೊಟ್ಟು ಬೆಸೆದ. ಹಸಿರು ರಿಬ್ಬನ್, ಹಳದಿ ರಿಬ್ಬನ್ ತರಿಸಿ ಶೆಡ್ಡಿಗೆ ಬೀಗ ಹಾಕಿಕೊಂಡು ಹೆಣೆದ. ಹೋಮ್‌ಕಮಿಂಗ್ ವಾರದ ಬುಧವಾರ ಸಂಜೆ ಮಗಳನ್ನು ಶೆಡ್ಡಿಗೆ ಕರೆದು ತೋರಿಸಿದ.

ಲೇನಿ ತಾಯಿಯಷ್ಟೇ ಎತ್ತರದ, ಮಾತು ಕಡಿಮೆಯ ಹುಡುಗಿ. ಬ್ಯಾಂಡಿನಲ್ಲಿ ಟ್ರೋಂಬೋನ್ ಊದುತ್ತಿದ್ದಳು. ಬಾಗಿಲಲ್ಲೇ ನಿಂತು ಹೂವನ್ನು ನೋಡಿದಳು. ಆಮೇಲೆ ಅಪ್ಪನ ಕೈ ನೋಡಿದಳು. ಒಳಗೆ ಬಂದು ಅದನ್ನು ಎತ್ತಿದಳು.

"ಅಯ್ಯೋ ಅಪ್ಪಾ, ಕಬ್ಬಿಣ ಹಾಕಿದೀಯಾ ಇದಕ್ಕೆ?"

"ಬಗ್ಗಬಾರದಲ್ಲ."

"ಇದು ಬಗ್ಗಲ್ಲ ಬಿಡು. ನಾನು ಬಗ್ತೀನಿ." ಕೊರಳಿಗೆ ಹಾಕಿಕೊಂಡು ಶೆಡ್ಡಿನಲ್ಲಿ ಒಂದು ಸುತ್ತು ನಡೆದಳು. ಗೆಜ್ಜೆಗಳು ಸದ್ದು ಮಾಡಿದವು. "ಚೆನ್ನಾಗಿದೆ ಅಪ್ಪ. ನಿಜವಾಗ್ಲೂ ಚೆನ್ನಾಗಿದೆ."

ವೆಂಡೆಲ್ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ.

ಗುರುವಾರ ಮಧ್ಯಾಹ್ನ ಒಂದು ದೊಡ್ಡ ಗಂಟೆ ಇದ್ದರೆ ಇನ್ನೂ ಚೆನ್ನ ಅನ್ನಿಸಿ ಅವನು ಓಪಲ್ ಹಡ್ಸ್‌ಪೆತ್‌ಳ ಮೇವಿನ ಅಂಗಡಿಗೆ ಹೋದ. ಹಸುವಿನ ಕೊರಳಿಗೆ ಕಟ್ಟುವ ನಿಜವಾದ ಗಂಟೆ ಅಲ್ಲಿ ಸಿಗುತ್ತಿತ್ತು. ಪೇಟೆಬೀದಿಯ ಅಂಗಡಿಗಳ ಗಾಜಿಗೆಲ್ಲ ಶಾಲೆಯ ಮಕ್ಕಳು ಹಸಿರು ಹಳದಿ ಬಣ್ಣ ಬಳಿಯುತ್ತಿದ್ದರು. ಓಪಲ್ ಎಂಬತ್ತು ದಾಟಿದ ಮುದುಕಿ. ಗಲ್ಲಾದ ಹಿಂದೆ ಕೂತು ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆಯನ್ನು ಡಬ್ಬಿಗೆ ಉಗುಳುತ್ತಿದ್ದಳು. ವೆಂಡೆಲ್ ಹೆಮ್ಮೆ ತಾಳಲಾರದೆ ಫೋನಿನಲ್ಲಿ ಹೂವಿನ ಫೋಟೋ ತೋರಿಸಿದ.

"ಭಾರೀ ಇದೆಯಲ್ಲೋ," ಎಂದಳು ಓಪಲ್. "ಜಡೆ ಚೆನ್ನಾಗಿ ಬಂದಿದೆ. ಯಾರಿಗೆ? ಒಂಬತ್ತನೇ ಕ್ಲಾಸಿನ ಯಾವ ಹುಡುಗೀಗೆ?"

"ಲೇನಿಗೆ, ಮಿಸ್ ಓಪಲ್."

ಓಪಲ್ ಅಗಿಯುವುದನ್ನು ನಿಲ್ಲಿಸಿದಳು. "ಲೇನಿ ಸೀನಿಯರ್ ಅಲ್ವಾ?"

"ಹೌದು. ಕೊನೇ ವರ್ಷ."

"ಮತ್ತೆ ಇದ್ಯಾಕೆ ಹಸಿರು? ಸೀನಿಯರ್‌ದು ಬಿಳಿ ಕಣಪ್ಪ. ಬಿಳಿ, ಬೆಳ್ಳಿ. ಮೂರು ವರ್ಷ ಶಾಲೆ ಬಣ್ಣ, ಕೊನೇ ವರ್ಷ ಬಿಳಿ. ನಮ್ಮ ಕಾಲದಲ್ಲಿ ನಿಜವಾದ ಹೂವು ಇದ್ದಾಗ್ಲೂ ಹಾಗೇ."

ವೆಂಡೆಲ್ ಫೋನನ್ನು ಜೇಬಿಗೆ ಹಾಕಿ ಮತ್ತೆ ಹೊರಗೆ ತೆಗೆದ. "ಯಾರೂ ಹೇಳ್ಲಿಲ್ಲ ನಂಗೆ."

"ಯಾರು ಹೇಳ್ತಾರೆ? ಪ್ಯಾಂಟನ್ನ ಕಾಲಿಗೆ ಹಾಕ್ಕೋಬೇಕು ಅಂತ ಯಾರಾದ್ರೂ ಬಂದು ಹೇಳಿದಾರಾ ನಿಂಗೆ?" ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಮೆತ್ತಗಾಯಿತು. "ಹುಡುಗಿ ನೋಡಿದ್ಲಾ?"

"ನಿನ್ನೆ ಹಾಕ್ಕೊಂಡ್ಲು. ಚೆನ್ನಾಗಿದೆ ಅಂದ್ಲು."

"ಹಾಗಾದ್ರೆ ನಾಳೆ ಹಾಕ್ಕೊಂಡೇ ಹೋಗ್ತಾಳೆ. ಅಷ್ಟೂ ಬಿಳಿ ಹೂವಿನ ಹುಡುಗೀರ ನಡುವೆ ಅವಳೊಬ್ಳದು ಹಸಿರು. ನಿಂಗೆ ಗೊತ್ತಾಗದ ಹಾಗೆ ನೋಡ್ಕೋತಾಳೆ."

ಬುಧವಾರ ಶೆಡ್ಡಿನ ಬಾಗಿಲಲ್ಲಿ ಮಗಳು ನಿಂತ ಆ ಒಂದು ಕ್ಷಣ ವೆಂಡೆಲ್‌ನ ಕಣ್ಣಿಗೆ ಈಗ ಬಂತು. ಅವಳು ಹೂವು ನೋಡಿ, ಕೈ ನೋಡಿ, ಆಮೇಲೆ ಬಾಯಿ ತೆರೆದಿದ್ದಳು. ತಾನು ಮಗಳಿಗೆ ಹೂವು ಕೊಟ್ಟೆ ಅಂದುಕೊಂಡಿದ್ದ. ಕೊಟ್ಟವಳು ಅವಳು.

"ಬಿಳಿ ರಿಬ್ಬನ್ ಎಲ್ಲಿ ಸಿಗುತ್ತೆ?"

"ಸಿಟೀಲಿ ಇತ್ತು. ಸುತ್ತಮುತ್ತಲ ಊರಿನೋರೆಲ್ಲ ಹೋದ ತಿಂಗಳೇ ಬಳ್ಕೊಂಡು ಹೋಗಿದಾರೆ. ಇನ್ನು ಬಿಳಿ ಇರೋದು ಈ ಊರಿನ ಗೋಡೆ ಮೇಲೆ. ಸೀನಿಯರ್ ಹೂವನ್ನ ಯಾರೂ ಬಿಸಾಡಲ್ಲ. ಹೋಗಿ ಒಂದೊಂದು ಕೇಳು."

"ಕೇಳೋದಾ?"

"ಹೌದಪ್ಪಾ, ಕೇಳೋದು. ಮನೆಗೆ ತಂದು ಕೊಟ್ಟಿದ್ದನ್ನ ತಗೊಳ್ಳೋಕೇ ನಿಂಗೆ ಹೊಟ್ಟೆನೋವು ಬರ್ತಿತ್ತು, ಗೊತ್ತು ನಂಗೆ." ಓಪಲ್ ಸಿಪ್ಪೆ ಉಗುಳಿದಳು. "ಅಂದ ಹಾಗೆ ನನ್ನ ಬೀನ್ಸ್ ಟ್ರೇ ಎಲ್ಲಿ?"

ವೆಂಡೆಲ್ ಟ್ರಕ್ಕಿನಲ್ಲಿ ಕೂತು ಸುಮ್ಮನೆ ಸ್ಟೀರಿಂಗ್ ಹಿಡಿದುಕೊಂಡಿದ್ದ. ಕೇಳದೆ ಇರಲು ಒಂದೇ ದಾರಿ ಇತ್ತು: ಏನೂ ಗೊತ್ತಿಲ್ಲದವನಂತೆ ಮನೆಗೆ ಹೋಗುವುದು, ನಾಳೆ ಮಗಳು ನಗುನಗುತ್ತ ಹಸಿರು ಹೂವು ಹೊತ್ತು ಹೋಗುವುದನ್ನು ನೋಡುವುದು. ಅದು ಅವನಿಂದ ಆಗುತ್ತಿರಲಿಲ್ಲ. ಮನೆಗೆ ಹೋಗಿ ಗ್ಯಾರೇಜಿನ ಟ್ರೇಗಳನ್ನೆಲ್ಲ ಟ್ರಕ್ಕಿಗೆ ತುಂಬಿದ, ನಡುನಡುವೆ ಹಳೆಯ ಟವೆಲ್ ತುರುಕಿದ.

ಮೊದಲು ಡಾನೆಟ್.

"ಇದೇನೋ, ಪಾತ್ರೆ ಅಂಗಡಿ ಇಟ್ಟಿದೀಯಾ?" ಎಂದವಳು ಅವನ ಮುಖ ನೋಡಿ, "ಏನಾಯ್ತು?" ಎಂದಳು.

"ಹಸಿರು ಮಾಡ್ಬಿಟ್ಟೆ."

"ಏನನ್ನ?" ಅರ್ಥವಾದ ಕೂಡಲೇ ಡಾನೆಟ್ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಗೊತ್ತು ಗೊತ್ತು ಅಂದ್ಯಲ್ಲೋ ಮಾರಾಯ! ಬೇಲಿ ಹತ್ರ ಎದೆ ಉಬ್ಬಿಸ್ಕೊಂಡು!"

"ನಕ್ಕು ಮುಗಿಸು. ಆಮೇಲೆ ಒಂದು ರಿಬ್ಬನ್ ಕೊಡು."

ಅವಳು ಒಳಗೆ ಹೋಗಿ ಬಟ್ಟೆ ಒಗೆಯುವ ಕೋಣೆಯ ಗೋಡೆಯಿಂದ ತನ್ನ ಹಳೆಯ ಹೂವನ್ನು ತಂದಳು. ಬಿಳಿ ಎಂದು ಕರೆದರೆ ಬಿಳಿ. ಬಣ್ಣ ಹಾಲು ಹೆಚ್ಚಾದ ಕಾಫಿಯದ್ದು. ಕತ್ತರಿಯಿಂದ ಒಂದು ಉದ್ದನೆಯ ರಿಬ್ಬನ್ ಕತ್ತರಿಸಿ ಅವನ ಕೈಗಿಟ್ಟಳು. "ನೀನು ಬೇಡ ಅಂದ್ಮೇಲೆ ಹೊಸ ಸಾಮಾನೆಲ್ಲ ಬೇರೆಯವ್ರಿಗೆ ಕೊಟ್ಬಿಟ್ಟೆ. ತಗೋ, ಇದೊಂದೇ. ಇದನ್ನ ಕಟ್ಕೊಂಡು ಆವತ್ತು ಕಾರಿನ ಹಿಂದಿನ ಸೀಟಲ್ಲಿ ಏನೇನು ಮಾಡಿದೀನೋ, ಲೇನಿಗೆ ಹೇಳ್ಬೇಡ."

ಆಮೇಲೆ ಸುಲಭವಾಯಿತು ಎಂದೇನೂ ಇಲ್ಲ. ಪ್ರತಿ ಬಾಗಿಲಲ್ಲೂ ಟೋಪಿ ತೆಗೆದು ಅದೇ ಕಥೆ ಹೇಳಬೇಕಾಯಿತು, ಪ್ರತಿ ಬಾಗಿಲಲ್ಲೂ ನಗೆಪಾಟಲಾಗಬೇಕಾಯಿತು. ಒಬ್ಬಳು ಈ ಟ್ರೇ ನನ್ನದಲ್ಲ ಎಂದು ವಾದ ಮಾಡಿದಳು, ತಳದ ಟೇಪಿನಲ್ಲಿ ಅವಳದೇ ಕೈಬರಹ ಇದ್ದರೂ. ಇನ್ನೊಬ್ಬಳು ಕೂರಿಸಿ ಐಸ್ ಹಾಕಿದ ಟೀ ಕುಡಿಸದೆ ಬಿಡಲಿಲ್ಲ. ಓಪಲ್ ಬೀನ್ಸ್ ಟ್ರೇ ಕೈಗೆ ಬಂದ ಮೇಲೆಯೇ ತನ್ನ ಹಳೆಯ ರಿಬ್ಬನ್ ಬಿಚ್ಚಿ ಕೊಟ್ಟಳು. ಕ್ಲಿಯೋನ್ ಸ್ಟ್ರೌಡ್‌ನ ಮನೆಯಲ್ಲಿ ಹೆಂಡತಿ ಇರಲಿಲ್ಲ. ಆ ಮಹಾಶಯ ತಾನೇ ಒಳಗೆ ಹೋಗಿ, ಹೆಂಡತಿಯ ಹೂವಿನಿಂದ ಇದ್ದುದರಲ್ಲೇ ಅಗಲವಾದ, ಅವಳ ಹೆಸರಿದ್ದ ರಿಬ್ಬನ್ನನ್ನೇ ಕತ್ತರಿಸಿ ತಂದ. "ಅವಳೇನೂ ಅಂದ್ಕೊಳ್ಳಲ್ಲ," ಎಂದ. ಅವಳು ಅಂದುಕೊಂಡಳು, ಆ ವಿಷಯ ಮಾರನೇ ದಿನ ಆಟದ ಮೈದಾನದ ಇಡೀ ಗ್ಯಾಲರಿಗೆ ಕೇಳಿಸಿತು.

ವಿಚಿತ್ರವೆಂದರೆ ಯಾರೂ ತಲೆ ಓರೆ ಮಾಡಿ "ಹೇಗಿದೀಯಪ್ಪಾ?" ಎಂದು ಕೇಳಲಿಲ್ಲ. ಅವನನ್ನು ನೋಡಿ ಅಯ್ಯೋ ಅನ್ನುವುದನ್ನು ಮರೆತು ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಅದು ಅವನಿಗೆ ಎಷ್ಟು ಹಿತವಾಗಿತ್ತೆಂದರೆ, ಕೊನೆಕೊನೆಗೆ ಕಥೆಗೆ ತಾನೇ ಒಂದಿಷ್ಟು ಉಪ್ಪುಖಾರ ಸೇರಿಸತೊಡಗಿದ.

ಸೂರ್ಯ ಇಳಿಯುವ ಹೊತ್ತಿಗೆ ಅವನು ಯೊಲಾಂಡಾ ಬಾರಿಯೆಂತೋಸ್‌ಳ ಮನೆ ಮುಟ್ಟಿದ. ಅವಳು ಶಾಲೆಯ ಕ್ಯಾಂಟೀನಿನ ಅಡುಗೆಯವಳು. ತಮಾಲೆಯ ಟ್ರೇ ಅವಳದು. ವೆಂಡೆಲ್‌ನ ಕಥೆಗೆ ಅವಳು ನಗಲಿಲ್ಲ. ಮದುವೆಯಾಗಿ ಹೋದ ಮಗಳು ಮಾರಿಸೋಲ್‌ಳ ಕೋಣೆಯಿಂದ ಬಿಳಿ ಹೂವು ತಂದು ಊಟದ ಮೇಜಿನ ಮೇಲೆ ಅಂಗಾತ ಹಾಕಿದಳು. ರಿಬ್ಬನ್ನುಗಳ ಹಿಂದೆ ಬೆರಳಾಡಿಸಿ ಒಂದನ್ನು ಹುಡುಕಿ, ಅದರ ಮೇಲ್ತುದಿಯನ್ನು ಜೋಪಾನವಾಗಿ ಬಿಡಿಸಿದಳು. ಕತ್ತರಿ ಹಾಕಲಿಲ್ಲ.

"ಇದು ನಿಮ್ಮನೇದೇ," ಎಂದಳು.

ರಿಬ್ಬನ್ನನ್ನು ಉದ್ದಕ್ಕೆ ಮಡಿಸಿ ಅಂಟಿಸಲಾಗಿತ್ತು. ಅವಳು ಮಡಿಕೆ ಬಿಚ್ಚಿದಳು. ಒಳಗೆ, ಬೆಳ್ಳಿಯ ಬಣ್ಣ ಅಲ್ಲಲ್ಲಿ ಉದುರಿದ ಅಕ್ಷರಗಳಲ್ಲಿ, ರೋಂಡಾ ಎಂದಿತ್ತು.

"ಮಾರಿಸೋಲ್ ಕೊನೇ ವರ್ಷ ನಮ್ಮನೆಯವ್ರಿಗೆ ಕೆಲಸ ಇರ್ಲಿಲ್ಲ. ರಿಬ್ಬನ್ ಸಾಲ್ಲಿಲ್ಲ. ರೋಂಡಾ ಮನೆಗೆ ಹೋಗಿ, ತನ್ನ ಕೊನೇ ವರ್ಷದ ಹೂವಿಂದ್ಲೇ ಕಿತ್ಕೊಂಡು ಬಂದ್ರು. ಹೆಸರು ಕಾಣದ ಹಾಗೆ ಒಳಗೆ ಮಡಿಸಿದ್ರು. ನಮ್ಮ ಹುಡುಗಿ ಒಬ್ಳಿಗೇ ಅಲ್ಲ. ಯಾರಿಗೆ ಕಮ್ಮಿ ಬಿದ್ರೂ ಅದ್ರಿಂದ್ಲೇ ಕೀಳ್ತಿದ್ರು. ನಿಮಗೆ ಗೊತ್ತಿರ್ಲಿಲ್ವಾ?"

"ಇಲ್ಲ."

ಬೀರುವಿನ ತಳದಲ್ಲಿದ್ದ ಬೋಳು ಹೂವು ಯಾಕೆ ಬೋಳಾಗಿತ್ತು ಎಂದು ವೆಂಡೆಲ್‌ಗೆ ಈಗ ತಿಳಿಯಿತು. ಒಂದು ಮನೆಗೆ ಅಷ್ಟೊಂದು ನೂಡಲ್ಸ್ ಯಾಕೆ ಬಂತು ಎಂಬುದೂ ತಿಳಿಯಿತು. ಇಷ್ಟು ದಿನ ಅವನು ಅದನ್ನು ತನ್ನ ಮೇಲಿನ ಕನಿಕರ ಎಂದುಕೊಂಡಿದ್ದ. ಅವರು ಊಟ ತಂದದ್ದು ರೋಂಡಾಳ ಮನೆಗೆ. ಬಾಗಿಲು ತೆರೆದವನು ಅವನಾಗಿದ್ದ, ಅಷ್ಟೇ.

ಅವನು ಟ್ರೇ ಮೇಜಿನ ಮೇಲಿಟ್ಟ. "ತಮಾಲೆಗೆ ನಾನು ಥ್ಯಾಂಕ್ಸ್ ಹೇಳಿದ್ನಾ?"

"ಹೇಳಿದ್ರಿ. ಬಾಗಿಲು ಹಾಕ್ಕೊಳ್ತಾ ಹೇಳಿದ್ರಿ."

"ಈಗ ಸರಿಯಾಗಿ ಹೇಳ್ತೀನಿ. ಥ್ಯಾಂಕ್ಸ್, ಯೊಲಾಂಡಾ."

"ರಿಬ್ಬನ್ನಿಗಾದ್ರೆ ಬೇಡ. ಅದು ನಿಮ್ಮದೇ."

"ತಮಾಲೆಗೇ. ತುಂಬಾ ಚೆನ್ನಾಗಿತ್ತು. ನಿಂತ್ಕೊಂಡೇ ತಿಂದು ಮುಗಿಸಿದ್ವಿ."

ಆಟದ ಹಿಂದಿನ ರಾತ್ರಿ ಶಾಲೆಯ ಬಯಲಿನಲ್ಲಿ ಹಾಕುವ ದೊಡ್ಡ ಬೆಂಕಿಯ ಕೂಟ ಮುಗಿಸಿ ಲೇನಿ, ಮೈಯೆಲ್ಲ ಹೊಗೆ ವಾಸನೆ ಹೊತ್ತು ಮನೆಗೆ ಬಂದಾಗ ಅಪ್ಪ ಅಡುಗೆಮನೆಯ ಮೇಜಿನಲ್ಲಿ ಕೂತಿದ್ದ. ಎದುರಿಗೆ ಹತ್ತಾರು ಬಗೆಯ ಬಿಳಿ ರಿಬ್ಬನ್ನುಗಳು: ಹಾಲಿನ, ಬೆಣ್ಣೆಯ, ಹಲ್ಲಿನ, ಹಳೆಯ ಪೇಪರಿನ ಬಣ್ಣದವು. ನಡುವೆ ಬೀರುವಿನ ಆ ಬೂದು ಹೂವು.

"ಯಾರು ಹೇಳಿದ್ರು ನಿಂಗೆ?" ಎಂದಳು.

"ಓಪಲ್. ನೀನ್ಯಾಕೆ ಹೇಳ್ಲಿಲ್ಲ?"

ಲೇನಿ ಕುರ್ಚಿ ಎಳೆದುಕೊಂಡಳು. "ಹೇಳೋಣ ಅಂತಾನೇ ಇದ್ದೆ. ನಿನ್ನ ಬೆರಳು ನೋಡ್ದೆ."

"ಹಾಕ್ಕೊಂಡೇ ಹೋಗ್ತಿದ್ಯಾ?"

"ಹ್ಞೂಂ."

"ಯಾಕೆ ಹಸಿರು ಅಂತ ಕೇಳಿದ್ರೆ?"

"ಎಲ್ಲದರಲ್ಲೂ ಫೇಲಾದೆ, ಮತ್ತೆ ಒಂಬತ್ತಕ್ಕೆ ಹಾಕಿದಾರೆ ಅಂತಿದ್ದೆ."

ವೆಂಡೆಲ್ ನಕ್ಕ. ನಗು ಅರ್ಧದಲ್ಲಿ ಬೇರೆ ಏನೋ ಆಗಲು ನೋಡಿತು. ಅವನು ಅಂಟಿನ ಪಿಸ್ತೂಲಿನ ವೈರು ಚುಚ್ಚಲು ಎದ್ದ. ಲೇನಿ ರಿಬ್ಬನ್ನುಗಳನ್ನು ಒಂದೊಂದಾಗಿ ಎತ್ತಿ ಹೆಸರು ಓದಿದಳು. ರೋಂಡಾ ಎಂಬ ರಿಬ್ಬನ್ ಕೈಗೆ ಬಂದಾಗ ಮಾತ್ರ ಓದಲಿಲ್ಲ. ಮಡಿಕೆಯ ಗೆರೆಯನ್ನು ಉಗುರಿನಿಂದ ತಿಕ್ಕಿ ತಿಕ್ಕಿ ಸಪಾಟು ಮಾಡಿದಳು.

"ಇದು ಒಳಗೆ ಬೇಡ," ಎಂದಳು. "ಮುಂದೆ ಇರ್ಲಿ."

"ಆಯ್ತು. ಜಡೆ ನೀನು ಹೆಣಿ. ನಂದು ಹಗ್ಗದ ಹಾಗಾಗುತ್ತೆ."

"ಹಗ್ಗಾನೇ ಅದು. ಲಾರಿ ಎಳೀಬಹುದು." ಹಾಗೆಂದವಳು ಥಟ್ಟನೆ ತಲೆಯೆತ್ತಿದಳು. "ಅಪ್ಪ, ನಾಳೆ ಮೆರವಣಿಗೇಲಿ ನಮ್ಮ ಕ್ಲಾಸಿನ ಗಾಡಿ ಎಳೆಯೋದು ನಿನ್ನ ಟ್ರಕ್ ತಾನೇ?"

ಹಾಗಾಗಿ ಶುಕ್ರವಾರ ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲೆಳೆದು ಊರಿಗೆ ಊರೇ ಪೇಟೆಬೀದಿಯ ಎರಡೂ ಬದಿಗೆ ಮಡಚುವ ಕುರ್ಚಿ ಹಾಕಿಕೊಂಡು ಕೂತಾಗ, ಮೆರವಣಿಗೆಯಲ್ಲಿ ಬಂದ ಸೀನಿಯರ್‌ಗಳ ಗಾಡಿಯ ಮುಂದೆ ವೆಂಡೆಲ್‌ನ ಟ್ರಕ್ಕು ಇತ್ತು. ಟ್ರಕ್ಕಿನ ಮೂತಿಗೆ ಹಸಿರು ಹಳದಿಯ, ಕಬ್ಬಿಣದ ಬೆನ್ನಿನ ಸೇವಂತಿಗೆ ಇತ್ತು. ಅದರ ಕೆಳಗೆ ಹಸುವಿನ ಗಂಟೆ ಹಳ್ಳ ಬಂದಲ್ಲೆಲ್ಲ ಬಡಿದುಕೊಳ್ಳುತ್ತಿತ್ತು. ಗಾಡಿಯ ಮೇಲೆ ಬಿಳಿ ಹೂವಿನ ಹುಡುಗಿಯರ ನಡುವೆ ಲೇನಿಯದೂ ಬಿಳಿ. ಹೊಸ ಬಿಳಿಗಳ ಪಕ್ಕದಲ್ಲಿ ತುಸು ಮಾಸಲು. ಅವಳ ಮೈಮೇಲೆ ಇಷ್ಟೊಂದು ಹೆಸರು ಯಾರದು ಎಂದು ಗೆಳತಿಯರು ಕೇಳುತ್ತಲೇ ಇದ್ದರು.

ಆಟದಲ್ಲಿ ಪ್ರೂಯಿಟ್ ಸೋತಿತು. ಕಾಲುಭಾಗ ಮುಗಿಯುವ ಮೊದಲೇ ಸೋಲು ಖಚಿತವಾಗಿತ್ತು, ಆದರೂ ಯಾರೂ ಎದ್ದು ಹೋಗಲಿಲ್ಲ. ಮಧ್ಯದ ವಿರಾಮಕ್ಕೆ ಸ್ವಲ್ಪ ಮುಂಚೆ ಲೇನಿ ಬ್ಯಾಂಡಿನ ಸಮವಸ್ತ್ರದಲ್ಲಿ ಗ್ಯಾಲರಿಯ ಕೆಳಗೆ ಬಂದು ನಿಂತು ಹೂವನ್ನು ಮೇಲಕ್ಕೆ ಚಾಚಿದಳು. ಇದನ್ನು ಕಟ್ಟಿಕೊಂಡು ಟ್ರೋಂಬೋನ್ ಊದುತ್ತ ಹೆಜ್ಜೆ ಹಾಕಲು ಆಗುವುದಿಲ್ಲ.

"ಹಿಡ್ಕೋ ಅಪ್ಪ. ಕೆಳಗಿಡ್ಬೇಡ, ಚಿಲಿ ಸಾರು ಚೆಲ್ಲಿದೆ."

ವೆಂಡೆಲ್ ಹಿಡಿದುಕೊಂಡ. ಅಷ್ಟರಲ್ಲಿ ಮೇಲಿನ ಸಾಲಿನಿಂದ ಯೊಲಾಂಡಾ ಇಳಿದು ಬಂದು ಅವನ ಮುಂದೆ ಬೆಚ್ಚಗಿನ ಗಾಜಿನ ಟ್ರೇ ಚಾಚಿದಳು. ಹಿಡಿಯಲು ಕೈ ಬೇಕಿತ್ತು. ಹೂವನ್ನು ಇಡಲು ಜಾಗವಿರಲಿಲ್ಲ. ವೆಂಡೆಲ್ ಟೋಪಿ ತೆಗೆದು ಪಕ್ಕದಲ್ಲಿಟ್ಟು, ಸೇವಂತಿಗೆಯನ್ನು ಕೊರಳಿಗೆ ಹಾಕಿಕೊಂಡು ಎರಡೂ ಕೈಯಲ್ಲಿ ಟ್ರೇ ತೆಗೆದುಕೊಂಡ.

ಗ್ಯಾಲರಿಯಲ್ಲಿ ಯಾರೋ ಸಿಳ್ಳೆ ಹೊಡೆದರು.

"ಏನ್ ಸೀನಿಯರ್, ಈ ವರ್ಷನಾದ್ರೂ ಪಾಸಾಗ್ತೀಯಾ?" ಎಂದು ಡಾನೆಟ್ ಕೂಗಿದಳು.

"ಅದ್ರಲ್ಲಿ ನನ್ನ ಹೆಸರಿದೆ, ಕ್ಲಿಯೋನ್!" ಎಂದು ಇನ್ನೊಂದು ಕಡೆಯಿಂದ ಸ್ಟ್ರೌಡ್‌ನ ಹೆಂಡತಿ ಗುಡುಗುತ್ತಿದ್ದಳು. "ನನ್ನ ಹೆಸರೇ ಕತ್ತರಿಸಿ ಕೊಟ್ಟಿದೀಯಾ!"

ಓಪಲ್ ಕೋಲೂರಿಕೊಂಡು ಬಂದು ವೆಂಡೆಲ್‌ನ ಎದೆಯ ಮೇಲಿನ ರಿಬ್ಬನ್ನುಗಳಲ್ಲಿ ತನ್ನದನ್ನು ಹುಡುಕಿದಳು. ಎಡಗಡೆ ಸಿಕ್ಕಿತು, ಎಲ್ಲಕ್ಕಿಂತ ಕಂದು. ಅದರ ಪಕ್ಕದಲ್ಲಿದ್ದ ರೋಂಡಾಳ ಹೆಸರನ್ನು ಓದಿ, ಆ ರಿಬ್ಬನ್ನನ್ನು ಒಮ್ಮೆ ನೇವರಿಸಿ ನೆಟ್ಟಗೆ ಮಾಡಿದಳು. ಟ್ರೇಯ ಮುಚ್ಚಳ ಸರಿಸಿ ಒಂದು ತಮಾಲೆ ಎತ್ತಿಕೊಂಡಳು.

ವೆಂಡೆಲ್ ಟ್ರೇಯನ್ನು ಸ್ವಲ್ಪ ಮೇಲೆತ್ತಿ ತಳ ನೋಡಿದ. ಟೇಪು ಹೊಸದು.

"ಥ್ಯಾಂಕ್ಸ್ ಯೊಲಾಂಡಾ," ಎಂದ. "ಟ್ರೇ ಸೋಮವಾರ ತಂದ್ಕೊಡ್ತೀನಿ."

ಕೆಳಗೆ ಡ್ರಮ್ಮು ಶುರುವಾಯಿತು. ಮಗಳನ್ನು ಸಾಲಿನಲ್ಲಿ ಹುಡುಕಲು ಅವನು ಎದ್ದು ನಿಂತ. ಎದ್ದ ರಭಸಕ್ಕೆ ಮೈಮೇಲಿನ ಗೆಜ್ಜೆಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು.